ಕೃತಕ ಕೈ ನಿಜಕ್ಕೂ ಉಪಯೋಗಕ್ಕೆ ಬರುತ್ತಿದೆಯೇ? ಅಳೆಯುವುದು ಹೇಗೆ? ಇಲ್ಲಿದೆ ಮಾಹಿತಿ

ಕೈ ಕಳೆದುಕೊಂಡವರಿಗೆ ಕೃತಕ ಕೈ ಜೋಡಿಸಿದ ಮಾತ್ರಕ್ಕೆ ಚಿಕಿತ್ಸೆ ಮುಗಿಯುವುದಿಲ್ಲ. ಅದರಿಂದ ದಿನನಿತ್ಯದ ಕೆಲಸ ಸಾಧ್ಯವಾಗುತ್ತಿದೆಯೇ ಎಂಬುದನ್ನೂ ನೋಡಬೇಕು. ಇಲ್ಲದಿದ್ದರೆ ಸಾವಿರಾರು, ಲಕ್ಷಾಂತರ ರೂಪಾಯಿಯ ಕೈ ಕಪಾಟು ಸೇರುತ್ತದೆ. ಇದಕ್ಕಾಗಿ ವಿಶ್ವದಾದ್ಯಂತ ಹಲವು ಪರೀಕ್ಷೆಗಳು ಬಳಕೆಯಲ್ಲಿವೆ. ಅವುಗಳಲ್ಲಿ ಮುಖ್ಯವಾದವು ಇಲ್ಲಿವೆ.

ಬಾಕ್ಸ್ ಅಂಡ್ ಬ್ಲಾಕ್ ಟೆಸ್ಟ್

ಪೆಟ್ಟಿಗೆಯ ನಡುವೆ ಅಡ್ಡ ಹಲಗೆ ಇರುತ್ತದೆ. ಒಂದು ಬದಿಯಲ್ಲಿರುವ 2.5 ಸೆಂ.ಮೀ. ಅಳತೆಯ ಮರದ ತುಂಡುಗಳನ್ನು ಒಂದೊಂದಾಗಿ ಇನ್ನೊಂದು ಬದಿಗೆ ಹಾಕಬೇಕು. 60 ಸೆಕೆಂಡಿನಲ್ಲಿ ಎಷ್ಟು ತುಂಡು ಸಾಗಿಸಿದರು ಎಂಬುದೇ ಅಂಕ. ಇದು ಸರಳ ಪರೀಕ್ಷೆ, ಆದರೆ ತಿಳಿಯುವುದು ವೇಗ ಮಾತ್ರ.

ಶಾಪ್ (ಸೌತಾಂಪ್ಟನ್ ಪರೀಕ್ಷೆ)

ಬ್ರಿಟನ್‌ನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇದರಲ್ಲಿ ಒಟ್ಟು 26 ಕೆಲಸಗಳಿವೆ. 12 ಕೆಲಸಗಳಲ್ಲಿ ಬೇರೆ ಬೇರೆ ಆಕಾರದ ವಸ್ತುಗಳನ್ನು ಎತ್ತಿಡಬೇಕು. ಉಳಿದ 14 ನಿತ್ಯದ ಕೆಲಸಗಳು: ನಾಣ್ಯ ಎತ್ತುವುದು, ಗುಂಡಿ ಬಿಚ್ಚುವುದು, ಮುಚ್ಚಳ ತೆರೆಯುವುದು, ಕೀಲಿ ತಿರುಗಿಸುವುದು ಇತ್ಯಾದಿ. ಪ್ರತಿ ಕೆಲಸದ ಆರಂಭ ಮತ್ತು ಕೊನೆಯಲ್ಲಿ ಟೈಮರ್ ಒತ್ತುವವರು ಪರೀಕ್ಷೆಗೆ ಒಳಗಾದವರೇ.

ಎಸಿಎಂಸಿ

ಸ್ನಾಯುಗಳ ವಿದ್ಯುತ್ ಸಂಕೇತದಿಂದ ನಡೆಯುವ ಮೈಯೋಎಲೆಕ್ಟ್ರಿಕ್ ಕೈಗಳಿಗೆ ಸ್ವೀಡನ್‌ನಲ್ಲಿ ರೂಪಿಸಿದ ವಿಧಾನವಿದು. ಎರಡೂ ಕೈ ಬೇಕಾಗುವ ಕೆಲಸವೊಂದನ್ನು ಮಾಡುವಾಗ ತರಬೇತಿ ಪಡೆದ ಥೆರಪಿಸ್ಟ್ ಗಮನಿಸುತ್ತಾರೆ. ವಸ್ತುವನ್ನು ಹಿಡಿಯುವುದು, ಬಿಡುವುದು, ಹಿಡಿತದ ಬಿಗಿ ಹೊಂದಿಸುವುದು, ಕೈಯತ್ತ ನೋಡದೆಯೇ ಇದನ್ನೆಲ್ಲ ಮಾಡುವುದು ಇತ್ಯಾದಿಗೆ 0ರಿಂದ 3ರವರೆಗೆ ಅಂಕ ನೀಡಲಾಗುತ್ತದೆ.

ಡ್ಯಾಶ್ ಪ್ರಶ್ನಾವಳಿ

30 ಪ್ರಶ್ನೆಗಳಿಗೆ ವ್ಯಕ್ತಿಯೇ ಉತ್ತರಿಸಬೇಕು. ಅಂಕ 0ರಿಂದ 100. ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು ಎಂದರ್ಥ. ಆದರೆ ಯಾವ ಕೈಯಲ್ಲಿ ಕೆಲಸ ಮಾಡಿದರು ಎಂಬುದನ್ನು ಇದು ಲೆಕ್ಕಿಸುವುದಿಲ್ಲ. ಕೃತಕ ಕೈಯನ್ನು ಮುಟ್ಟದೆ, ಇರುವ ಒಂದೇ ಕೈಯಲ್ಲಿ ಎಲ್ಲವನ್ನೂ ನಿಭಾಯಿಸುವವರಿಗೂ ಉತ್ತಮ ಫಲಿತಾಂಶ ಬರಬಹುದು.

ಒಂದೇ ಪರೀಕ್ಷೆ ಸಾಕೇ?

ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿದ ಐಸಿಎಫ್ ಚೌಕಟ್ಟು ದೇಹದ ಕಾರ್ಯ, ಚಟುವಟಿಕೆ ಮತ್ತು ಸಮಾಜದಲ್ಲಿ ಭಾಗವಹಿಸುವಿಕೆ ಎಂದು ಮೂರನ್ನೂ ನೋಡುತ್ತದೆ. ಒಂದು ಕೈ ಮಾತ್ರ ಕಳೆದುಕೊಂಡವರಿಗೆ ಕೃತಕ ಕೈ ಹೆಚ್ಚಾಗಿ ಆಸರೆಯ ಕೈ. ಅದು ಡಬ್ಬಿ ಹಿಡಿದುಕೊಂಡರೆ ಮುಚ್ಚಳ ತೆಗೆಯುವುದು ಇನ್ನೊಂದು ಕೈ. ಕೃತಕ ಕೈಯೊಂದರ ವೇಗವನ್ನಷ್ಟೇ ಅಳೆದರೆ ಈ ನೆರವು ಕಾಣುವುದಿಲ್ಲ. ಚಪಾತಿ ಲಟ್ಟಿಸುವುದು, ಸೀರೆಯ ನೆರಿಗೆ ಹಿಡಿಯುವುದು ಶಾಪ್ ಪಟ್ಟಿಯಲ್ಲೂ ಇಲ್ಲ.

ವೈದ್ಯರಿಗೆ ಏನು ಹೇಳಬೇಕು?

* ದಿನಕ್ಕೆ ಎಷ್ಟು ಗಂಟೆ ಕೈ ಧರಿಸುತ್ತೀರಿ, ಯಾವ ಕೆಲಸಕ್ಕೆ ಬಳಸುತ್ತೀರಿ.
* ಕಳಚಿಡುವುದು ಏಕೆ: ಭಾರವೇ, ಬೆವರೇ, ಸಾಕೆಟ್ ಒತ್ತಿ ನೋವೇ?
* ಮನೆ ಮತ್ತು ಉದ್ಯೋಗದಲ್ಲಿ ನಿಮಗೆ ಅಗತ್ಯವಾಗಿ ಮಾಡಲೇಬೇಕಾದ ಕೆಲಸಗಳು ಯಾವುವು.

ಮೊದಲ ಪರೀಕ್ಷೆಯ ಅಂಕವನ್ನು ಬರೆದಿಟ್ಟುಕೊಳ್ಳಿ. ತರಬೇತಿಯ ಬಳಿಕ ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಿದಾಗ ಸುಧಾರಣೆ ಆಗಿದೆಯೇ, ಸಾಕೆಟ್ ಅಥವಾ ಕೈಯನ್ನೇ ಬದಲಿಸಬೇಕೇ ಎಂಬುದನ್ನು ನಿರ್ಧರಿಸುವುದು ಸುಲಭ.