ಮಾಗಡಿ ಕೆರೆಗೆ ಬಂದ ಕ್ಯಾಮೆರಾ

ನಮ್ಮ ಇಟಗಿಯಿಂದ ಗದಗಕ್ಕೆ ಹೋಗಿ, ಅಲ್ಲಿಂದ ಲಕ್ಷ್ಮೇಶ್ವರದ ಬಸ್ಸು ಹತ್ತಿದರೆ ನಡುವೆ ಮಾಗಡಿ ಸಿಗುತ್ತದೆ. ಶಿರಹಟ್ಟಿ ತಾಲೂಕಿನ ಊರು. ಮಂಗೋಲಿಯಾ, ಟಿಬೆಟ್, ಲಡಾಖ್‌ಗಳಲ್ಲಿ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಹಿಮಾಲಯ ದಾಟಿ ಇಲ್ಲಿನ ಕೆರೆಗೆ ಇಳಿಯುತ್ತವೆ. ವರ್ಷಕ್ಕೆ ಸುಮಾರು 8,000 ಎಂದು ಲೆಕ್ಕ. ಬಿಳಿಯ ತಲೆ, ಅದರ ಮೇಲೆ ಎರಡು ಕಪ್ಪು ಪಟ್ಟೆ. ಯಾರೋ ಕಾಡಿಗೆಯಿಂದ ತೀಡಿದ ಹಾಗೆ!

ಕಾಡಿನ ಜೀವಿಗಳನ್ನು ಬಂದೂಕಿನ ಬದಲು ಕ್ಯಾಮೆರಾದಲ್ಲಿ ಹಿಡಿಯುವ ಹವ್ಯಾಸ ನಮ್ಮ ದೇಶದಲ್ಲಿ ಬಹಳ ಹಳೆಯದೇನಲ್ಲ. ಉತ್ತರದ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಹುಲಿ ನಡೆಯುವ ದಾರಿಗೆ ತಂತಿ ಕಟ್ಟುತ್ತಿದ್ದರು. ಹುಲಿಯ ಕಾಲು ತಾಗಿದರೆ ಬೆಳಕು ಹೊತ್ತಿ ಚಿತ್ರ ತಾನೇ ಮೂಡುತ್ತಿತ್ತು. 1925ರಲ್ಲಿ ಆ ಚಿತ್ರಗಳು ಲಂಡನ್ನಿನ ಸಚಿತ್ರ ಪತ್ರಿಕೆಯಲ್ಲಿ ಅಚ್ಚಾದವು. ನಮ್ಮ ಸಂಡೂರಿನ ಎಂ. ವೈ. ಘೋರ್ಪಡೆಯವರು ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದವರು; ಕಪ್ಪು ಬಿಳುಪಿನಲ್ಲಿ ವನ್ಯಜೀವಿಗಳನ್ನು ಹಿಡಿದು ಹೊರದೇಶಗಳಲ್ಲೂ ಹೆಸರಾದರು. 1983ರಲ್ಲಿ ಅವರ ಚಿತ್ರಗಳ ಪುಸ್ತಕ ಹೊರಬಂತು. ಬಜೆಟ್ಟಿನ ಅಂಕಿಗಳ ನಡುವೆ ಪೊದೆಯ ಮರೆಯಲ್ಲಿ ಕೂರುವ ತಾಳ್ಮೆ ಎಲ್ಲಿಂದ ಬಂತೋ! ಆಗಿನ ಒಂದು ರೋಲಿನಲ್ಲಿ 36 ಚಿತ್ರ, ಅಷ್ಟೇ. ಕಾಯದೆ ಗತಿಯಿರಲಿಲ್ಲ.

ಈಗ ಕಾಯುವವರು ಕಡಿಮೆ. ಹಾರುವ ಚಿತ್ರ ಬೇಕೆಂದು ನೀರಿನಂಚಿಗೆ ನುಗ್ಗಿದರೆ ಹಿಂಡಿಗೆ ಹಿಂಡೇ ಎದ್ದುಬಿಡುತ್ತದೆ. ಮರಳಿ ಹಿಮಾಲಯ ದಾಟಬೇಕಾದ ಹಕ್ಕಿ ಇಲ್ಲಿ ಮೈಗೂಡಿಸಿಕೊಂಡ ಕೊಬ್ಬೇ ಅದರ ದಾರಿಬುತ್ತಿ. ಸುಮ್ಮನೆ ಎಬ್ಬಿಸಿದಷ್ಟೂ ಆ ಬುತ್ತಿ ಕರಗುತ್ತದೆ.

ನನಗೆ ಇನ್ನೂ ಒಂದು ತಕರಾರಿದೆ. ಪತ್ರಿಕೆಗಳ ಚಿತ್ರಗಳಲ್ಲಿ ನೀರು, ಹಕ್ಕಿ, ಕೆಂಪು ಆಕಾಶ ಇರುತ್ತವೆ. ಊರು ಇರುವುದೇ ಇಲ್ಲ. ಐವತ್ತು ಹೆಕ್ಟೇರಿಗೂ ಮಿಕ್ಕಿದ ಈ ಕೆರೆ ತಾನಾಗಿ ಆದದ್ದಲ್ಲ, ಮಳೆನೀರು ನಿಲ್ಲಿಸಿ ಹೊಲಕ್ಕೆ ಹಾಯಿಸಲು ಜನ ಕಟ್ಟಿದ್ದು. ಹಗಲು ನೀರಿನಲ್ಲಿ ವಿಶ್ರಮಿಸುವ ಬಾತುಗಳು ಹೊತ್ತಿಳಿದ ಮೇಲೆ ಮೇಯಲು ಹೋಗುವುದು ಸುತ್ತಲಿನ ರೈತರ ಹೊಲಗಳಿಗೇ. ಬೀಜ, ಗೊಬ್ಬರದ ಸಾಲ ರೈತನದು, ಊಟ ಅತಿಥಿಯದು. 2024ರಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಸಂತೋಷವೇ. ಮುಂದೆ ಯಾವುದಾದರೂ ಪತ್ರಿಕೆಗೆ ಚಿತ್ರ ತೆಗೆಯಲು ಬರುವವರು ನಸುಕಿನಲ್ಲಿ ಒಮ್ಮೆ ಕೆರೆಗೆ ಬೆನ್ನು ಮಾಡಿ ನಿಲ್ಲಲಿ. ಬಾತು ಮೇದು ಹೋದ ಕಡಲೆ ಹೊಲದ ಬದುವಿನಲ್ಲಿ, ಸೆರಗು ಬಿಗಿದು ನಿಂತ ಹೆಣ್ಣುಮಗಳೊಬ್ಬಳು ಅಲ್ಲಿ ಕಾಣಬಹುದು.