ಬೀಗ ಮಾಡಿದವನೇ ಪ್ರೆಸ್ಸೂ ಮಾಡಿದ

ಆದವಾನಿಯ ಹತ್ತಿ ಪ್ರೆಸ್ಸನ್ನು ನಮ್ಮೂರಿನ ಬಾಳ ಮಂದಿ ನೋಡಿದ್ದೀರಿ. ಗಾಳಿ ತುಂಬಿ ಉಬ್ಬಿದ ಹತ್ತಿ ಅದರೊಳಗೆ ಹೋಗಿ 170 ಕಿಲೋದ ಗಟ್ಟಿ ಬೇಲ್ ಆಗಿ ಹೊರಗೆ ಬರ್ತೈತಿ. ಈ ಬಲ ಎಲ್ಲಿಂದ ಬಂತು, ಅದರಿಂದ ಜೀವ ಉಳಿಸಿಕೊಳ್ಳೋದನ್ನು ಮನುಷ್ಯ ಯಾವಾಗ ಕಲಿತ ಅನ್ನೋದನ್ನು ನನಗೆ ತಿಳಿದಷ್ಟು ಬರೀತೀನಿ.

ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಪಾಸ್ಕಲ್ ಎಂಬ ಪಂಡಿತ ಒಂದು ಸಂಗತಿ ಹೇಳಿದ. ಮುಚ್ಚಿದ ಪಾತ್ರೆಯ ನೀರನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹೋಗ್ತೈತಿ. ಸಣ್ಣ ಕೊಳವೆಯಲ್ಲಿ ಸ್ವಲ್ಪ ಒತ್ತಿದರೆ ದೊಡ್ಡ ಕೊಳವೆಯಲ್ಲಿ ದೊಡ್ಡ ಭಾರ ಏಳ್ತೈತಿ. ಇದನ್ನೇ ಹಿಡಿದು 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ನೀರಿನ ಪ್ರೆಸ್ಸಿಗೆ ಪೇಟೆಂಟ್ ಪಡೆದ. ಈತ ರೈತನ ಮಗ. ಕಾಲು ಕುಂಟಾದ ಮೇಲೆ ಬಡಗಿ ಕೆಲಸ ಕಲಿತವನು. ಅದಕ್ಕೂ ಮುಂಚೆ, 1784ರಲ್ಲೇ, ಸುಲಭಕ್ಕೆ ಬಗ್ಗದಂಥ ಬೀಗ ಮಾಡಿ ಹೆಸರಾಗಿದ್ದ.

ಬೀಗವೂ ಅವನದೇ, ಪ್ರೆಸ್ಸೂ ಅವನದೇ. ಆದರೆ ರಿಪೇರಿಗೆ ಮೊದಲು ಯಂತ್ರಕ್ಕೆ ಬೀಗ ಹಾಕಬೇಕು, ಒಳಗೆ ಉಳಿದ ಒತ್ತಡವನ್ನೂ ಬಿಡಬೇಕು ಅಂತ ಅಮೆರಿಕದ ಸರಕಾರ ಕಾರ್ಖಾನೆಗಳಿಗೆ ನಿಯಮ ಮಾಡಿದ್ದು 1989ರಲ್ಲಿ. ನಡುವೆ 194 ವರ್ಷ ಹೋದವು.

ಡೊಳ್ಳು ಬಡಿಯೋದು ನಿಲ್ಲಿಸಿದರೂ ಹಗ್ಗದ ಬಿಗಿ ಹಂಗೇ ಇರ್ತೈತಿ. ನಾವೇ ಸಡಿಲು ಮಾಡಬೇಕು. ಯಂತ್ರವೂ ಹಂಗೇ. ಇದು ತಿಳಿಯದೆ ನಾನೇ ತಪ್ಪು ಮಾಡೀನಿ. ಹತ್ತು ವರ್ಷದ ಹಿಂದೆ ಗೊಬ್ಬರ ಸುರಿದ ಟ್ರಾಲಿ ಎತ್ತಿದಂಗೇ ನಿಂತಿತ್ತು, ಎಣ್ಣೆ ಸೋರುತ್ತಿತ್ತು. ಇಂಜಿನ್ ಬಂದ್ ಐತಲ್ಲ ಅಂತ ನನ್ನ ಅಣ್ಣನ ಮಗ ಕೆಳಗೆ ಹೋಗಿ ಪೈಪಿನ ನಟ್ಟು ತಿರುವಿದ. ಎಣ್ಣೆ ಚಿಮ್ಮಿತು, ಟ್ರಾಲಿ ದಡಕ್ಕನೆ ಇಳೀತು. ಬೇವಿನ ದಿಮ್ಮಿ ಒಂದು ಅಡ್ಡ ಸಿಕ್ಕಿದ್ದಕ್ಕೆ ಹುಡುಗ ಉಳಿದ. ಎರಡು ಬೆರಳು ಹೋದವು. ಪಾನಾ ಕೊಟ್ಟವನು ನಾನೇ.

ಅದಕ್ಕೆ ಹೇಳ್ತೀನಿ. ಮೊದಲು ಎತ್ತಿದ್ದನ್ನು ನೆಲಕ್ಕೆ ಇಳಿಸಿರಿ. ಇಳಿಯದಿದ್ದರೆ ಗಟ್ಟಿ ಕಬ್ಬಿಣದ ಊರೆ ಕೊಡಿರಿ, ಅಲ್ಲೀತನಕ ಕೆಳಗೆ ಹೋಗಬ್ಯಾಡ್ರಿ. ಇಂಜಿನ್ ಬಂದ್ ಮಾಡಿ ಕೀಲಿಯನ್ನು ಕೆಲಸ ಮಾಡುವವನೇ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ಲಿವರ್ ಹಿಂದೆ ಮುಂದೆ ಆಡಿಸಿ ಉಳಿದ ಒತ್ತಡ ಬಿಡಿರಿ. ಸೋರುವ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಬ್ಯಾಡ್ರಿ, ಸೂಜಿಯಂಥ ಎಣ್ಣೆಧಾರೆ ಚರ್ಮದೊಳಗೆ ಹೊಗ್ತೈತಿ. ಪಂಕ್ಚರ್ ಅಂಗಡಿಯ ಗಾಳಿ ಟ್ಯಾಂಕಿಗೂ ಇದೇ ಮಾತು. ಕರೆಂಟ್ ತೆಗೆದು, ಗಾಳಿ ಪೂರಾ ಬಿಟ್ಟು, ಮುಳ್ಳು ಸೊನ್ನೆಗೆ ಬಂದ ಮೇಲೇ ನಟ್ಟಿಗೆ ಕೈ ಹಚ್ಚಿರಿ.

ಕಾರ್ಖಾನೆಗೆ ಕಾಯಿದೆ ಐತಿ, ಇನ್‌ಸ್ಪೆಕ್ಟರ್ ಬರ್ತಾನ. ನಮ್ಮ ಹೊಲಕ್ಕೆ ಯಾರೂ ಬರಂಗಿಲ್ಲ. ಮಾಸ್ತರರು ಪಾಸ್ಕಲನ ಪಾಠ ಮಾಡುವಾಗ ಇದನ್ನೂ ಮಕ್ಕಳಿಗೆ ಹೇಳಬೇಕು ಅಂತ ನನ್ನ ಬಿನ್ನಹ.