ಹಸುರು ಹರಳು, ಕಪ್ಪು ಹೆಸರು

ಅನ್ನಭೇದಿಯೆಂಬ ಹಸುರು ಹರಳನ್ನು ಗ್ರಂಧಿಗೆ ಅಂಗಡಿಗಳಲ್ಲಿ ಅನೇಕರು ಕಂಡಿರಬಹುದು. ಸಂಸ್ಕೃತದಲ್ಲಿ ಇದಕ್ಕೆ ಕಾಸೀಸವೆಂದು ಹೆಸರು. ರಸಾಯನಶಾಸ್ತ್ರದ ಮಾತಿನಲ್ಲಿ ಇದು ಏಳು ಅಣು ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಂಡ ಕಬ್ಬಿಣದ ಸಲ್ಫೇಟು. ಗಂಧಕ ಬೆರೆತ ಕಬ್ಬಿಣದ ಅದುರಿಗೆ ಗಾಳಿ ನೀರು ತಗಲಿದಾಗ ಗಣಿಗಳ ಗೋಡೆಯ ಮೇಲೆ ತಾನಾಗಿ ಮೂಡುವ ಇದೇ ವಸ್ತುವನ್ನು ಖನಿಜವಿಜ್ಞಾನಿಗಳು ಮೆಲಂಟರೈಟ್ ಎನ್ನುತ್ತಾರೆ. ಆ ಹೆಸರಿನ ಗ್ರೀಕ್ ಮೂಲದ ಅರ್ಥ ಕಪ್ಪು ಬಣ್ಣವೆಂದು. ಹಸುರು ಹರಳಿಗೆ ಕಪ್ಪಿನ ಹೆಸರೇಕೆ? ಈ ಪ್ರಶ್ನೆಯ ಬೆನ್ನು ಹತ್ತಿದ ನನಗೆ ಬರವಣಿಗೆಯ ಚರಿತ್ರೆಯೇ ಎದುರಾಯಿತು.

ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮಿನ ಪ್ಲಿನಿ ತನ್ನ ನಿಸರ್ಗ ಚರಿತ್ರೆಯಲ್ಲಿ ಇಂಥ ಲವಣದ ತಯಾರಿಕೆಯನ್ನು ವರ್ಣಿಸಿದ್ದಾನೆ. ಸ್ಪೇನಿನ ಬಾವಿಗಳ ನೀರನ್ನು ಕುದಿಸಿ ಮರದ ತೊಟ್ಟಿಗೆ ಸುರಿದು, ಕಲ್ಲು ಕಟ್ಟಿದ ಹಗ್ಗಗಳನ್ನು ಅದರಲ್ಲಿ ಇಳಿಬಿಡುತ್ತಿದ್ದರಂತೆ. ಹಗ್ಗಕ್ಕೆ ಗಾಜಿನ ದ್ರಾಕ್ಷಿಯಂತೆ ಹರಳು ಕಟ್ಟುತ್ತಿತ್ತು. ತೊಗಲಿಗೆ ಕಪ್ಪು ಹಾಕಲು ಬಳಸುತ್ತಿದ್ದುದರಿಂದ ರೋಮನರು ಅದನ್ನು ಮೋಚಿಯ ಮಸಿಯೆಂದು ಕರೆದರು. ಗಾಜಿನ ಹೋಲಿಕೆಯಿಂದ ಮುಂದೆ ವಿಟ್ರಿಯಲ್ ಎಂಬ ಹೆಸರು ಬಂತು. ಆದರೆ ಪ್ರಾಚೀನರು ಮೈಲುತುತ್ತವನ್ನೂ ಅನ್ನಭೇದಿಯನ್ನೂ ಸ್ಪಷ್ಟವಾಗಿ ಬೇರ್ಪಡಿಸಿರಲಿಲ್ಲ. ತಾಮ್ರದ ಸೋಂಕಿಲ್ಲದ ಅನ್ನಭೇದಿಗೆ ಇಂಗ್ಲಿಷಿನಲ್ಲಿ ಕಾಪರಸ್ ಎಂಬ ಹೆಸರು ಉಳಿದುದು ಆ ಗೊಂದಲದ ಕುರುಹು.

ಮಾಚಿಕಾಯಿಯ ರಸದಲ್ಲಿ ನೆನೆಸಿದ ಪಪೈರಸ್ ಹಾಳೆ ಈ ಲವಣ ತಗುಲಿದೊಡನೆ ಕಪ್ಪಾಗುವುದನ್ನೂ ಪ್ಲಿನಿ ಬಲ್ಲ. ತಾಮ್ರದ ಕಿಲುಬಿನಲ್ಲಿ ಕಲಬೆರಕೆಯನ್ನು ಪತ್ತೆಹಚ್ಚಲು ಅವನು ಹೇಳಿದ ಪರೀಕ್ಷೆ ಅದು. ಅದೇ ಗುಣದಿಂದ ಯುರೋಪಿನ ಮಸಿ ಹುಟ್ಟಿತು. ಮಾಚಿಕಾಯಿಯ ಒಗರು ಕಬ್ಬಿಣದೊಡನೆ ಕೂಡಿ, ಗಾಳಿ ತಗುಲಿದಂತೆಲ್ಲ ಕಪ್ಪೇರುತ್ತದೆ. ಬರೆದಾಗ ಮಾಸಲಾಗಿದ್ದ ಅಕ್ಷರ ಕ್ರಮೇಣ ಕಾಡಿಗೆಯಂತಾಗುತ್ತದೆ. ನೂರಾರು ವರ್ಷ ಅಲ್ಲಿಯ ಕವಿಗಳೂ ಕರಣಿಕರೂ ನೆಚ್ಚಿದ್ದುದು ಈ ಮಸಿಯನ್ನೇ. ನಮ್ಮ ಅಳಲೆಕಾಯಿಯ ಒಗರಿಗೂ ಅನ್ನಭೇದಿ ಇದೇ ಕಪ್ಪನ್ನು ಕೊಡುತ್ತದೆ.

ಆದರೆ ಮಸಿಯ ಆಮ್ಲವೂ ಮಿಕ್ಕುಳಿದ ಕಬ್ಬಿಣವೂ ಕಾಗದವನ್ನು ತಿನ್ನುತ್ತವೆ. 1750ರಲ್ಲಿ ತೀರಿಕೊಂಡ ಸಂಗೀತಗಾರ ಬಾಖನ ಹಸ್ತಪ್ರತಿಗಳಲ್ಲಿ ಸ್ವರಚಿಹ್ನೆಗಳಿದ್ದ ಕಡೆಯೇ ಹಾಳೆ ತೂತುಬಿದ್ದಿತು. ಬರ್ಲಿನ್ನಿನ ಗ್ರಂಥಾಲಯದಲ್ಲಿ ಒಂದೊಂದು ಹಾಳೆಯನ್ನೂ ಎರಡು ಪದರವಾಗಿ ಸೀಳಿ, ನಡುವೆ ತೆಳುಕಾಗದವನ್ನಿಟ್ಟು ಅಂಟಿಸಿ ಅವನ್ನು ಉಳಿಸಬೇಕಾಯಿತು.

ಹರಳೂ ಬಾಳಿಕೆಯದಲ್ಲ. ನೀರಿನಲ್ಲಿ ಕರಗುತ್ತದೆ, ಒಣಗಾಳಿಯಲ್ಲಿ ತನ್ನ ನೀರನ್ನು ಕಳೆದುಕೊಂಡು ಬಿಳಿಯ ಪುಡಿಯಾಗುತ್ತದೆ. ಇಷ್ಟು ಅಸ್ಥಿರವಾದುದನ್ನು ನಂಬಿ ಮನುಷ್ಯ ತನ್ನ ಕರಾರುಗಳನ್ನೂ ಕಾವ್ಯಗಳನ್ನೂ ಬರೆದಿಟ್ಟ. ಅವು ಇಂದಿಗೂ ಓದಲು ಸಿಕ್ಕುತ್ತಿದ್ದರೆ ಅದರಲ್ಲಿ ಮಸಿಯ ಗುಣಕ್ಕಿಂತ, ಪ್ರತಿಯೆತ್ತಿದವರ ಮತ್ತು ಕಾಪಾಡಿದವರ ಪಾಲೇ ಹಿರಿದೆಂದು ನಾನು ತಿಳಿಯುತ್ತೇನೆ.